ಮೆಟಲ್ ವಾಲ್ವೋ, ಟಿಶ್ಯೂ ವಾಲ್ವೋ: ಗದಗಿನ ಒಬ್ಬ ಪ್ರೆಸ್‌ನವನ ಲೆಕ್ಕ

"ನಾಳೆ ರೌಂಡ್ಸ್‌ಗೆ ಬರೋದ್ರೊಳಗ ಹೇಳ್ರಿ, ಹಾರ್ಟಿಗೆ ಯಾವ ವಾಲ್ವ್ ಹಾಕೋಣು ಅಂತ." ಸರ್ಜನ್ ಇಷ್ಟು ಹೇಳಿ ಪಕ್ಕದ ಬೆಡ್ಡಿಗೆ ಹೋದರು. ಹುಬ್ಬಳ್ಳಿಯ ಆಸ್ಪತ್ರೆ. ನನಗಾಗ 53. ಗದಗಿನಲ್ಲಿ ನನ್ನದೊಂದು ಸಣ್ಣ ಆಫ್‌ಸೆಟ್ ಪ್ರೆಸ್ ಇದೆ. ಲಗ್ನಪತ್ರಿಕೆಗೆ ಯಾವ ಕಾಗದ ಬೇಕು ಅಂತ ಗಿರಾಕಿಗೆ ಹತ್ತು ಸ್ಯಾಂಪಲ್ ತೋರಿಸುವವನು ನಾನು. ನನ್ನ ಎದೆಯೊಳಗೆ ಕೂರಿಸುವ ಸಾಮಾನಿಗೆ ಮಾತ್ರ ಒಂದು ಸ್ಯಾಂಪಲ್ಲೂ ನೋಡಿರಲಿಲ್ಲ.

ಆ ರಾತ್ರಿ ಕೇಳಿ ತಿಳಿದದ್ದು, ಆಮೇಲಿನ ನಾಲ್ಕು ವರ್ಷದಲ್ಲಿ ಅನುಭವಿಸಿ ಕಲಿತದ್ದು, ಎರಡನ್ನೂ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಎಕೋ, ಅಂದರೆ ಹೃದಯದ ಸ್ಕ್ಯಾನ್, ರಿಪೋರ್ಟ್ ಕೈಯಲ್ಲಿ ಹಿಡಿದವರು ಹೇಳಿದ್ದೇ ಕೊನೆಯ ಮಾತು. ಆದರೆ ಅವರು ಕೇಳುವ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವೇ ಅಲ್ವಾ, ಅದಕ್ಕೆ ಇದು.

ಬದಲಿಸಲೇಬೇಕಾ?

ಮೊದಲು ಇದನ್ನು ಕೇಳಿ. ಹೃದಯದಲ್ಲಿ ನಾಲ್ಕು ವಾಲ್ವ್ ಇವೆ, ರಕ್ತ ಹಿಂದಕ್ಕೆ ಹರಿಯದಂತೆ ತಡೆಯುವ ಬಾಗಿಲುಗಳು. ಕೆಡುವುದು ಹೆಚ್ಚಾಗಿ ಎಡಭಾಗದ ಎರಡು, ಮೈಟ್ರಲ್ ಮತ್ತು ಅಯೋರ್ಟಿಕ್. ನಮ್ಮ ಕಡೆ ಮೈಟ್ರಲ್ ಕೆಡಲು ದೊಡ್ಡ ಕಾರಣ ರುಮ್ಯಾಟಿಕ್ ಜ್ವರ. ಚಿಕ್ಕಂದಿನಲ್ಲಿ ಗಂಟಲು ನೋವು ಬರುತ್ತದೆ, ಕೀಲು ಬಾತು ಜ್ವರ ಬರುತ್ತದೆ, ಹೋಗುತ್ತದೆ, ಎಲ್ಲರೂ ಮರೆಯುತ್ತಾರೆ. ಎಷ್ಟೋ ಸಲ ಹತ್ತಿಪ್ಪತ್ತು ವರ್ಷದ ಮೇಲೆ ಬಸುರಿ ಹೆಂಗಸು ಮೆಟ್ಟಿಲು ಹತ್ತುವಾಗ ಏದುಸಿರು ಬಿಟ್ಟಾಗಲೇ ವಾಲ್ವ್ ಕೆಟ್ಟದ್ದು ಗೊತ್ತಾಗುವುದು.

ಮೈಟ್ರಲ್ ವಾಲ್ವ್ ಬರೀ ಕಿರಿದಾಗಿದ್ದು, ಸೋರಿಕೆ ಹೆಚ್ಚಿಲ್ಲದೆ, ಎಕೋದಲ್ಲಿ ಅದರ ಎಲೆಗಳು, ಅಂದರೆ ತೆರೆದು ಮುಚ್ಚುವ ಪದರಗಳು, ಇನ್ನೂ ಮೆತ್ತಗೆ ಕಂಡರೆ, ತೊಡೆಯ ಸಂದಿಯ ರಕ್ತನಾಳದಿಂದ ಬಲೂನ್ ಕಳಿಸಿ ಬಿಡಿಸಬಹುದು. ಎದೆ ತೆರೆಯುವ ಮಾತೇ ಇಲ್ಲ. ಸೋರಿಕೆಯ ತೊಂದರೆ ಇದ್ದರೆ ರಿಪೇರಿ ಆಗುತ್ತಾ ಅಂತ ಕೇಳಿ. ಆಗುವಂತಿದ್ದರೆ ಬದಲಿಸುವುದಕ್ಕಿಂತ ರಿಪೇರಿಯೇ ಒಳ್ಳೆಯದು. ರುಮ್ಯಾಟಿಕ್‌ನಿಂದ ದಪ್ಪಗಾಗಿ ಮುದುಡಿದ ವಾಲ್ವ್ ರಿಪೇರಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ, ಅದೂ ನಿಜ.

ನನ್ನದು ಅಯೋರ್ಟಿಕ್. ಮೂರು ಎಲೆ ಇರಬೇಕಾದ ಕಡೆ ಹುಟ್ಟಿನಿಂದಲೇ ಎರಡು. ನೂರರಲ್ಲಿ ಒಬ್ಬರಿಗೆ ಹೀಗಿರುತ್ತದಂತೆ. ಐವತ್ತರ ಹೊತ್ತಿಗೆ ಅದರ ಮೇಲೆ ಕ್ಯಾಲ್ಸಿಯಂ ಕಟ್ಟಿ, ಭೀಷ್ಮ ಕೆರೆಯ ದಂಡೆಗೆ ಒಂದು ಸುತ್ತು ಹಾಕಲೂ ಉಸಿರು ಸಾಲದಾಯಿತು. ಒಂದು ದಿನ ಪ್ರೆಸ್ಸಿನಲ್ಲಿ ಕಾಗದದ ಬಂಡಲ್ ಎತ್ತುವಾಗ ಕಣ್ಣು ಕತ್ತಲೆ ಬಂದು ಬಿದ್ದೆ. ನನಗೆ ಬಲೂನೂ ಇಲ್ಲ, ರಿಪೇರಿಯೂ ಇಲ್ಲ. ಬದಲಿಸುವುದೊಂದೇ ದಾರಿ.

ಎರಡು ಸಾಮಾನು, ಎರಡು ಸಾಲ

ಮೆಟಲ್ ವಾಲ್ವ್ ಅಂತ ಬಾಯಿಮಾತಿನಲ್ಲಿ ಕರೆಯುತ್ತೇವೆ. ನಿಜವಾಗಿ ಈಗಿನವುಗಳಲ್ಲಿ ತೆರೆದು ಮುಚ್ಚುವ ಅರ್ಧಚಂದ್ರದಂಥ ಎರಡು ಎಲೆಗಳು ಒಂದು ಬಗೆಯ ಗಟ್ಟಿ ಕಾರ್ಬನ್ನಿನವು. ನಮ್ಮ ದೇಶದ್ದೇ ಆದ ಚಿತ್ರಾ ವಾಲ್ವ್ ಕೂಡ ಇದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ತಯಾರಾಗಿ, 1990ರಲ್ಲಿ ಮೊದಲ ಸಲ ರೋಗಿಗೆ ಹಾಕಿದ್ದು. ಲೋಹದ ಚೌಕಟ್ಟು, ನಡುವೆ ವಾಲಿ ತೆರೆಯುವ ಒಂದೇ ಪ್ಲಾಸ್ಟಿಕ್ ಬಿಲ್ಲೆ. ಹೊರದೇಶದ್ದಕ್ಕಿಂತ ಅಗ್ಗ, ಸಪ್ಪಳವೂ ಕಡಿಮೆ. ಲಕ್ಷಕ್ಕಿಂತ ಹೆಚ್ಚು ಜನರ ಎದೆಯಲ್ಲಿ ಕೂತಿದೆ.

ಟಿಶ್ಯೂ ವಾಲ್ವ್ ಅಂದರೆ ಪ್ರಾಣಿಯದು. ಹಂದಿಯ ವಾಲ್ವ್, ಇಲ್ಲವೇ ದನದ ಹೃದಯದ ಸುತ್ತಲಿನ ಪೊರೆಯಿಂದ ಹೊಲಿದದ್ದು. ನಮ್ಮವ್ವ ಕೇಳಿದ ಮೊದಲ ಪ್ರಶ್ನೆಯೇ ಅದು: "ಆಕಳದ್ದೇನಪಾ?" ಲಿಂಗ ಕಟ್ಟಿಕೊಂಡ ಮನೆ, ಮೊಟ್ಟೆಯೂ ಒಳಗೆ ಬರುವುದಿಲ್ಲ. ಇಂಥ ಪ್ರಶ್ನೆ ಕೇಳಲು ನಾಚಿಕೊಳ್ಳಬೇಡಿ. ಯಾವ ಪ್ರಾಣಿಯದು ಅಂತ ಸರ್ಜನ್‌ಗೆ ನೇರವಾಗಿ ಕೇಳಿ, ಹೇಳುತ್ತಾರೆ. ಆಪರೇಷನ್ ಆದ ಮೇಲೆ ಗೊತ್ತಾಗಿ ಮನೆಯಲ್ಲಿ ಕೊರಗುವುದು ಬೇಡ.

ಈಗ ಸಾಲದ ಮಾತು. ಮೆಟಲ್ ಸವೆಯುವುದಿಲ್ಲ, ಇಡೀ ಜನ್ಮ ಬಾಳುವಂಥದ್ದು. ಆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಲು ನೋಡುತ್ತದೆ. ಅದನ್ನು ತಡೆಯಲು ರಕ್ತ ತೆಳು ಮಾಡುವ ಗುಳಿಗೆ ಇರುವವರೆಗೂ ಬೇಕು. ಹೆಪ್ಪು ಮಿದುಳಿಗೆ ಹೋದರೆ ಲಕ್ವ, ಗುಳಿಗೆ ಜಾಸ್ತಿಯಾದರೆ ರಕ್ತಸ್ರಾವ. ಸರಿಯಾಗಿ ನೋಡಿಕೊಂಡರೂ ವರ್ಷಕ್ಕೆ ನೂರರಲ್ಲಿ ಒಬ್ಬಿಬ್ಬರಿಗೆ ಇಂಥ ದೊಡ್ಡ ತೊಂದರೆ ಬರುತ್ತದೆ. ಅಂದರೆ ಇದು ದಿನಾ ಚೂರು ಚೂರು ತೀರಿಸುವ ಸಾಲ.

ಟಿಶ್ಯೂದ್ದು ಒಂದೇ ಗಂಟಿನಲ್ಲಿ ತೀರಿಸುವ ಸಾಲ. ಮೂರು ತಿಂಗಳು ಗುಳಿಗೆ, ಆಮೇಲೆ ಸಾಮಾನ್ಯವಾಗಿ ಆಸ್ಪಿರಿನ್ ಸಾಕು. ಆದರೆ ಸಾಮಾನ್ಯವಾಗಿ ಹತ್ತರಿಂದ ಹದಿನೈದು ವರ್ಷಕ್ಕೆ ಅದು ಕೆಡಲು ತೊಡಗುತ್ತದೆ. ಮೈಟ್ರಲ್ ಜಾಗದಲ್ಲಿ ಇನ್ನೂ ಬೇಗ. ಚಿಕ್ಕ ವಯಸ್ಸಿನವರಲ್ಲೂ ಬೇಗ. ಅಮೆರಿಕದ ಹೃದ್ರೋಗ ಸಂಘಗಳ ಮಾರ್ಗಸೂಚಿಯ ಅಂದಾಜು ನೋಡಿ: 50ನೇ ವಯಸ್ಸಿನಲ್ಲಿ ಹಾಕಿಸಿಕೊಂಡರೆ 15 ವರ್ಷದೊಳಗೆ ಮತ್ತೆ ಆಪರೇಷನ್ ಬೇಕಾಗುವುದು ನೂರಕ್ಕೆ ಸುಮಾರು 22 ಜನರಿಗೆ. 20ನೇ ವಯಸ್ಸಿನಲ್ಲಾದರೆ ನೂರಕ್ಕೆ ಸುಮಾರು 50.

ಅದೇ ಸಂಘಗಳ 2020ರ ಮಾರ್ಗಸೂಚಿ ಸ್ಥೂಲವಾಗಿ 50ರ ಒಳಗಿದ್ದರೆ ಮೆಟಲ್, 65ರ ಮೇಲಾದರೆ ಟಿಶ್ಯೂ ಅನ್ನುತ್ತದೆ. ಯುರೋಪಿನವರು 2021ರಲ್ಲಿ ಅಯೋರ್ಟಿಕ್‌ಗೆ 60ರವರೆಗೂ ಮೆಟಲ್ ಅಂದರು. ನಡುವಿನವರು, ಅಂದರೆ ನನ್ನಂಥ 53ರವರು, ಕೂತು ಮಾತಾಡಿ ತೀರ್ಮಾನಿಸಬೇಕು.

ನನ್ನ ಕೇಳಿದರೆ, ಆ ನಡುವಿನ ವಯಸ್ಸಿನಲ್ಲಿ ಹುಟ್ಟಿದ ತಾರೀಖಿಗಿಂತ ಮುಖ್ಯ ಇನ್ನೊಂದಿದೆ. ನಿಮ್ಮ ಮನೆಯಿಂದ ರಕ್ತ ಪರೀಕ್ಷೆಯ ಲ್ಯಾಬ್ ಎಷ್ಟು ದೂರ? ತಿಂಗಳಿಗೊಮ್ಮೆ ತಪ್ಪದೆ ಅಲ್ಲಿಗೆ ಹೋಗುವವರಾ ನೀವು?

ಕಾಕಾ ಮತ್ತು ಬ್ಯಾಡಗಿ ಕಡೆಯ ಹುಡುಗಿ

ಲಕ್ಷ್ಮೇಶ್ವರದ ನಮ್ಮ ಕಾಕಾಗೆ ನನಗಿಂತ ಎರಡು ವರ್ಷ ಮುಂಚೆ ಆಪರೇಷನ್ ಆಗಿತ್ತು, 68ನೇ ವಯಸ್ಸಿನಲ್ಲಿ. ಟಿಶ್ಯೂ. ಅವರ ಮಾತು ಸರಳ: "ತಿಂಗಳಾ ತಿಂಗಳಾ ರಕ್ತ ಕೊಡಾಕ ಬಸ್ ಹತ್ತಿ ಹೋಗೂದು ನನ್ನಿಂದ ಆಗಂಗಿಲ್ಲೋ ತಮ್ಮಾ. ಬಿತ್ತೂ ಟೈಮಿನ್ಯಾಗ ದವಾಖಾನಿ ಅಂತ ಯಾರು ಓಡಾಡ್ತಾರ?" ಕುರುಪಿ ಹಿಡಿದು ಕೈ ಕೊಯ್ದುಕೊಳ್ಳುವುದು, ದನ ತಿವಿಯುವುದು, ಇದೆಲ್ಲ ಅವರ ದಿನದ ಬಾಳು. ಅವರಿಗೆ ಟಿಶ್ಯೂ ಸರಿಯಾದದ್ದೇ. ಮುಂದೆ ಕೆಟ್ಟರೂ ಹಳೆಯ ವಾಲ್ವಿನ ಒಳಗೆ ಹೊಸದನ್ನು ತೊಡೆಯ ಮೂಲಕವೇ ಕೂರಿಸಲು ಆಗಬಹುದು, ಹಾಗೆಂದು ಅವರ ಸರ್ಜನ್ ಮೊದಲೇ ಹೇಳಿದ್ದಾರೆ.

ನನ್ನದು ಬೇರೆ. ಪ್ರೆಸ್ಸಿನಿಂದ ಮೂರನೇ ಓಣಿಯಲ್ಲಿ ಲ್ಯಾಬ್. ತಾರೀಖು ಅಂದರೆ ನನಗೆ ಹುಚ್ಚು, ವರ್ಷಾ ಕ್ಯಾಲೆಂಡರ್ ಪ್ರಿಂಟ್ ಮಾಡುವವನು. ಅರವತ್ತೆಂಟರಲ್ಲಿ ಮತ್ತೊಮ್ಮೆ ಎದೆ ತೆರೆಸುವುದು ಬೇಡ ಅನ್ನಿಸಿ ಮೆಟಲ್ ಅಂದೆ. ಇವತ್ತು ಕೇಳಿದರೂ ಅದನ್ನೇ ಅನ್ನುತ್ತೇನೆ. ಆದರೆ ಇದೇ 53ನೇ ವಯಸ್ಸಿನಲ್ಲಿ ನಾನು ರೋಣದ ಆಚೆಯ ಹಳ್ಳಿಯಲ್ಲಿ ಹೊಲ ಮಾಡಿಕೊಂಡಿದ್ದಿದ್ದರೆ ಕಾಕಾನ ದಾರಿ ಹಿಡಿಯುತ್ತಿದ್ದೆ.

ವಾರ್ಡಿನಲ್ಲಿ ಬ್ಯಾಡಗಿ ಕಡೆಯ ಒಬ್ಬ ಹುಡುಗಿ ಇದ್ದಳು. ವಯಸ್ಸು ಇಪ್ಪತ್ತಾರು, ಮೈಟ್ರಲ್ ಪೂರ್ತಿ ಕೆಟ್ಟಿತ್ತು, ಇನ್ನೂ ಮಕ್ಕಳಾಗಿರಲಿಲ್ಲ. ವಯಸ್ಸು ನೋಡಿದರೆ ಮೆಟಲ್. ಆದರೆ ರಕ್ತ ತೆಳು ಮಾಡುವ ಈ ಗುಳಿಗೆ ಹೊಟ್ಟೆಯಲ್ಲಿರುವ ಕೂಸಿಗೆ ತೊಂದರೆ ಮಾಡಬಹುದು, ಅದರಲ್ಲೂ ಆರರಿಂದ ಹನ್ನೆರಡನೇ ವಾರದಲ್ಲಿ. ಬಿಟ್ಟರೆ ವಾಲ್ವಿಗೇ ಅಪಾಯ. ನಡುವೆ ಹೆಪಾರಿನ್ ಅನ್ನುವ, ರಕ್ತ ತೆಳು ಮಾಡುವ ಇಂಜೆಕ್ಷನ್‌ಗೆ ಬದಲಿಸುವ ದಾರಿ ಇದೆ, ಅದಕ್ಕೂ ಬಿಗಿಯಾದ ಪರೀಕ್ಷೆ ಬೇಕು. ಟಿಶ್ಯೂ ಹಾಕಿಸಿದರೆ ಬಸಿರು ಸುಲಭ, ಆದರೆ ನಲವತ್ತರ ಆಸುಪಾಸಿಗೆ ಇನ್ನೊಂದು ಆಪರೇಷನ್ ಬೇಕಾಗುವ ಸಾಧ್ಯತೆ ಬಹಳ. "ಇನ್ನೊಮ್ಮೆ ಎದಿ ಸೀಳೂದಾ?" ಅಂತ ಅವಳ ತಾಯಿ ಅತ್ತರು. ಹುಡುಗಿ ಟಿಶ್ಯೂಗೇ ಸಹಿ ಹಾಕಿದಳು. ಅವಳ ಜಾಗದಲ್ಲಿ ಯಾವುದು ಸರಿ ಅಂತ ನನಗೆ ಇವತ್ತಿಗೂ ಬಗೆಹರಿದಿಲ್ಲ. ಒಂದು ಮಾತ್ರ ಗಟ್ಟಿ: ಮೆಟಲ್ ಇದ್ದವರು ಮಗು ಬೇಕು ಅನ್ನಿಸಿದ ಕೂಡಲೇ ಹೃದಯದ ಡಾಕ್ಟರನ್ನು ನೋಡಬೇಕು. ಮುಟ್ಟು ನಿಂತ ಮೇಲೆ ಓಡಿದರೆ ತಡವಾಗುತ್ತದೆ.

ಇನ್ನೊಂದು ವಿಷಯ ಬಹಳ ಜನ ಕೇಳುವುದೇ ಇಲ್ಲ. ಹೃದಯದ ಬಡಿತ ಮೊದಲೇ ತಪ್ಪಿದ್ದರೆ, ಅಂದರೆ ಇಸಿಜಿಯಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಅಂತ ಬರೆದಿದ್ದರೆ, ರಕ್ತ ತೆಳು ಮಾಡುವ ಗುಳಿಗೆ ಹೇಗಿದ್ದರೂ ಬೇಕಾಗುತ್ತದೆ. ಆಗ ಟಿಶ್ಯೂದ ಅರ್ಧ ಲಾಭ ಹೋದಂತೆ. ಮೈಟ್ರಲ್ ರೋಗಿಗಳು ಇದನ್ನು ಮೊದಲು ಕೇಳಿಕೊಳ್ಳಿ.

ಎದೆ ತೆರೆಯದೆ, ದುಡ್ಡು ತೆರೆದು

ಟಾವಿ ಅಂತ ಈಗ ಎಲ್ಲರ ಬಾಯಲ್ಲೂ ಇದೆ. ತೊಡೆಯ ರಕ್ತನಾಳದಿಂದ ಮಡಿಚಿದ ಟಿಶ್ಯೂ ವಾಲ್ವ್ ಕಳಿಸಿ ಅಯೋರ್ಟಿಕ್ ಜಾಗದಲ್ಲಿ ಬಿಡಿಸುವುದು. 2002ರಲ್ಲಿ ಫ್ರಾನ್ಸಿನ ಅಲೆನ್ ಕ್ರಿಬಿಯೆ ಮೊದಲು ಮಾಡಿದ್ದು. ವಯಸ್ಸು 75 ದಾಟಿದವರಿಗೆ, ಎದೆ ತೆರೆಯುವುದು ಅಪಾಯ ಅನ್ನುವವರಿಗೆ ವರ. ಕೆಲವೇ ದಿನದಲ್ಲಿ ಮನೆಗೆ ಬರುತ್ತಾರೆ. ಖರ್ಚು ಮಾತ್ರ ಸಾದಾ ಆಪರೇಷನ್‌ನ ಹಲವು ಪಟ್ಟು. ಐವತ್ತರವರು ಸುಮ್ನೆ ಅದರ ಬೆನ್ನು ಹತ್ತುವುದು ಬೇಡ.

ದುಡ್ಡಿನ ವಿಷಯಕ್ಕೆ ಬಂದರೆ, ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ, ಆಪರೇಷನ್‌ಗೆ ಮುಂಚಿನ ಮಂಜೂರಿ, ಎರಡೂ ಬೇಕು. ಗದಗ, ಹಾವೇರಿಯವರು ಹುಬ್ಬಳ್ಳಿಗೋ ಬೆಳಗಾವಿಗೋ ಬೆಂಗಳೂರಿನ ಜಯದೇವಕ್ಕೋ ಹೊರಡುವ ಮುನ್ನ ಜಿಲ್ಲಾ ಆಸ್ಪತ್ರೆಯ ಚೀಟಿ ಕಿಸೆಯಲ್ಲಿಟ್ಟುಕೊಳ್ಳಿ. ಆ ಮಂಜೂರಿಯಲ್ಲಿ ಯಾವ ವಾಲ್ವ್ ಬರುತ್ತದೆ, ನೀವು ಆರಿಸಿದ್ದಕ್ಕೆ ಮೇಲೆ ಎಷ್ಟು ಕಟ್ಟಬೇಕು, ಅದನ್ನು ಕೌಂಟರಿನಲ್ಲೇ ಬರೆಸಿಕೊಳ್ಳಿ.

ಗುಳಿಗೆಯ ಜೊತೆ ಬಾಳು

ಮೆಟಲ್ ಅಂದವರು ಇದನ್ನು ನಿಧಾನವಾಗಿ ಓದಿ. ಗುಳಿಗೆಯ ಹೆಸರು ವಾರ್ಫರಿನ್ ಇಲ್ಲವೇ ಅಸಿಟ್ರೋಮ್. ಎಷ್ಟು ಬೇಕು ಅನ್ನುವುದು ಐಎನ್‌ಆರ್ ಅನ್ನುವ ರಕ್ತ ಪರೀಕ್ಷೆಯಿಂದ ಗೊತ್ತಾಗುತ್ತದೆ. ಗುಳಿಗೆ ತಗೊಳ್ಳದವರದ್ದು 1ರ ಹತ್ತಿರ. ಅಯೋರ್ಟಿಕ್ ಮೆಟಲ್‌ನವರದ್ದು ಸಾಮಾನ್ಯವಾಗಿ 2ರಿಂದ 3ರ ನಡುವೆ, ಮೈಟ್ರಲ್‌ನವರದ್ದು 2.5ರಿಂದ 3.5ರ ನಡುವೆ ಇರಬೇಕು. ನಿಮಗೆ ಎಷ್ಟು ಅನ್ನುವುದನ್ನು ಡಿಸ್ಚಾರ್ಜ್ ಚೀಟಿಯ ಮೇಲೆ ಬರೆಸಿಕೊಳ್ಳಿ. ಮೊದಲು ವಾರಕ್ಕೊಮ್ಮೆ, ಸ್ಥಿರವಾದ ಮೇಲೆ ತಿಂಗಳಿಗೊಮ್ಮೆ ಪರೀಕ್ಷೆ. ನಾನು ಗೋಡೆ ಕ್ಯಾಲೆಂಡರಿನ ಮನೆಗಳಲ್ಲಿ ಕೆಂಪು ಪೆನ್ನಿನಿಂದ ಡೋಸ್ ಬರೆಯುತ್ತೇನೆ: 2, 3, 2, 3. ಸಂಜೆ ಏಳಕ್ಕೆ ನುಂಗಿದ ಮೇಲೆ ಅದರ ಮೇಲೆ ಗೆರೆ. ಮರೆತರೆ ಮರುದಿನ ಎರಡು ನುಂಗುವಂತಿಲ್ಲ.

ಇನ್ನು ನಮ್ಮ ಊಟ. ವಿಟಮಿನ್ ಕೆ ಈ ಗುಳಿಗೆಯ ಕೆಲಸ ತಡೆಯುತ್ತದೆ, ಅದು ಹೆಚ್ಚಾಗಿ ಇರುವುದು ಹಸಿರು ಸೊಪ್ಪಿನಲ್ಲಿ. ನಮ್ಮ ಕಡೆ ರೊಟ್ಟಿ ಅಂದರೆ ಜೊತೆಗೆ ಹಕ್ಕರಕಿ, ಮೆಂತೆ, ಉಳ್ಳಾಗಡ್ಡಿ ತಪ್ಪಲ ಹಸಿಯಾಗಿಯೇ ತಟ್ಟೆಯಲ್ಲಿ ಬೀಳಬೇಕು. ಆಸ್ಪತ್ರೆಯಲ್ಲಿ ಯಾರೋ "ಸೊಪ್ಪು ಬಂದ್" ಅಂದರು. ನಾನು ಆರು ತಿಂಗಳು ಬರೀ ಬೇಳೆ ಸಾರು ತಿಂದೆ. ಎಳ್ಳಮಾಸಿಗೆ ಕಾಕಾನ ಹೊಲಕ್ಕೆ ಹೋದಾಗ ತಡೆಯಲಾಗಲಿಲ್ಲ. ಚರಗ ಚೆಲ್ಲಿ ಬಂದು ಕೂತು, ಕಡಲೆ ತಪ್ಪಲಿನ ಪಲ್ಯ, ಮೆಂತೆ, ಹಕ್ಕರಕಿ ಎಲ್ಲ ಮುಗಿಸಿದೆ. ಬುತ್ತಿ ಕಟ್ಟಿಕೊಂಡು ಬಂದು ಇನ್ನೂ ಮೂರು ದಿನ ಅದೇ. ಮುಂದಿನ ಐಎನ್‌ಆರ್ 1.6! ಡಾಕ್ಟರ್ ಬೈದದ್ದು ತಿಂದದ್ದಕ್ಕಲ್ಲ, ಆರು ತಿಂಗಳು ಬಿಟ್ಟದ್ದಕ್ಕೆ. "ದಿನಾ ಒಂದು ಹಿಡಿ ತಿನ್ರಿ, ಅದಕ್ಕ ತಕ್ಕಂಗ ನಾನು ಗುಳಿಗಿ ಹೊಂದಸ್ತೀನಿ. ಒಂದು ದಿನ ಬುಟ್ಟಿ, ಒಂದು ತಿಂಗಳು ಇಲ್ಲ, ಅದು ನಡಿಯಂಗಿಲ್ಲ." ಅಂದಿನಿಂದ ದಿನಾ ಒಂದು ಹಿಡಿ ತಪ್ಪಲ. ಐಎನ್‌ಆರ್ ಮೊದಲಿಗಿಂತ ಈಗಲೇ ಸ್ಥಿರ.

ಲ್ಯಾಬಿನ ಒಂದು ಕಥೆ ಹೇಳಲೇಬೇಕು. ಈ ಪರೀಕ್ಷೆಗೆ ನೀಲಿ ಮುಚ್ಚಳದ ಟ್ಯೂಬ್. ಒಳಗೆ ಮೊದಲೇ ಸ್ವಲ್ಪ ದ್ರವ ಇರುತ್ತದೆ, ಹೊರಗೆ ಒಂದು ಗೆರೆ. ರಕ್ತ ಆ ಗೆರೆ ಮುಟ್ಟಬೇಕು. ಒಮ್ಮೆ ಹೊಸ ಹುಡುಗ ಅರ್ಧ ತುಂಬಿಸಿ ಸಾಕು ಅಂದ. ರಿಪೋರ್ಟ್ 5.8. ಹೆದರಿ ನಾನೇ ಎರಡು ದಿನ ಗುಳಿಗೆ ಬಿಟ್ಟೆ, ಡಾಕ್ಟರಿಗೆ ಫೋನ್ ಕೂಡ ಮಾಡಲಿಲ್ಲ. ಮೂರ್ಖತನ. ಬೇರೆ ಕಡೆ ಮಾಡಿಸಿದರೆ 1.7. ಟ್ಯೂಬ್ ಅರ್ಧ ಇದ್ದರೆ ಐಎನ್‌ಆರ್ ಸುಳ್ಳೇ ಜಾಸ್ತಿ ತೋರಿಸುತ್ತದೆ ಅಂತ ಆಮೇಲೆ ತಿಳಿಯಿತು. ಈಗ ಗೆರೆ ನೋಡದೆ ಕುರ್ಚಿಯಿಂದ ಏಳುವುದಿಲ್ಲ. ಅಲ್ಲಿನವರಿಗೆ ನಾನು ಕಿರಿಕಿರಿ ಮನುಷ್ಯ.

ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ತಂದು ನುಂಗಬೇಡಿ, ಹೊಟ್ಟೆಯೊಳಗೆ ರಕ್ತ ಸೋರಬಹುದು. ಯಾವ ಆಂಟಿಬಯೋಟಿಕ್ ಕೊಟ್ಟರೂ, ನಾಟಿ ಔಷಧಿ ಕುಡಿದರೂ ಐಎನ್‌ಆರ್ ಏರುಪೇರಾಗಬಹುದು, ತಿಳಿಸಿ ಪರೀಕ್ಷೆ ಮಾಡಿಸಿ. "ರಕ್ತ ಪರೀಕ್ಷೆ ಬೇಡದ ಹೊಸ ಗುಳಿಗೆ ಬಂದಾವಲ್ಲ" ಅಂತ ಯಾರಾದರೂ ಹೇಳುತ್ತಾರೆ. ಅವು ಮೆಟಲ್ ವಾಲ್ವಿಗೆ ಆಗುವುದಿಲ್ಲ. ಅವುಗಳಲ್ಲೊಂದಾದ ಡಾಬಿಗಾಟ್ರಾನ್ ಕೊಟ್ಟು ನೋಡಿದ ಪ್ರಯೋಗದಲ್ಲಿ ಹೆಪ್ಪೂ ಜಾಸ್ತಿ, ರಕ್ತಸ್ರಾವವೂ ಜಾಸ್ತಿ ಆಗಿ ಅದನ್ನು ನಡುವೆಯೇ ನಿಲ್ಲಿಸಿದರು.

ಹಲ್ಲು ಮತ್ತು ಜ್ವರದ ನಿಯಮ ಮೆಟಲ್, ಟಿಶ್ಯೂ ಇಬ್ಬರಿಗೂ ಒಂದೇ. ಹಲ್ಲು ಕೀಳಿಸುವ, ಒಸಡಿನಲ್ಲಿ ರಕ್ತ ಬರಿಸುವ ಕೆಲಸಕ್ಕೆ ಮುಂಚೆ ಆಂಟಿಬಯೋಟಿಕ್ ಬೇಕು, ಇಲ್ಲದಿದ್ದರೆ ಸೋಂಕು ವಾಲ್ವಿಗೆ ಹತ್ತಬಹುದು. ಕಾರಣ ತಿಳಿಯದ ಜ್ವರ ಎರಡು ಮೂರು ದಿನ ನಿಂತರೆ ಊರಿನಲ್ಲಿ ಸೂಜಿ ಹಾಕಿಸಿಕೊಳ್ಳಬೇಡಿ. ಮೊದಲು ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿ ಸೋಂಕು ಹುಡುಕುವ ಪರೀಕ್ಷೆ, ಆಮೇಲೆ ಔಷಧಿ. ರುಮ್ಯಾಟಿಕ್‌ನವರು ಮೂರು ವಾರಕ್ಕೊಮ್ಮೆಯ ಪೆನಿಸಿಲಿನ್ ಇಂಜೆಕ್ಷನ್ ಅನ್ನು ವಾಲ್ವ್ ಬದಲಾಯಿತು ಅಂತ ತಾವೇ ನಿಲ್ಲಿಸಬಾರದು.

ಮನೆಗೆ ಬಂದ ಮೇಲೆ

ಎಂಟನೇ ದಿನ ಗದಗಿಗೆ ಕಾರಿನಲ್ಲಿ ಬಂದೆವು. ಎದೆಗೆ ಸಣ್ಣ ದಿಂಬು, ಅದರ ಮೇಲೆ ಸೀಟ್ ಬೆಲ್ಟ್. ಪ್ರತಿ ಹಂಪ್‌ಗೂ ಡ್ರೈವರ್ "ಸಾವಕಾಶ್ರೀ" ಅನ್ನುತ್ತಿದ್ದ, ತನಗೆ ತಾನೇ. ಎದೆಯ ಎಲುಬನ್ನು ಗರಗಸದಿಂದ ಬಿಡಿಸಿ ಸ್ಟೀಲ್ ತಂತಿಯಿಂದ ಹೊಲಿದಿರುತ್ತಾರೆ. ಅದು ಕೂಡಲು ಆರರಿಂದ ಎಂಟು ವಾರ, ಪೂರ್ತಿ ಗಟ್ಟಿಯಾಗಲು ಮೂರು ತಿಂಗಳು. ಅಲ್ಲಿಯವರೆಗೆ ಕೊಡ ಎತ್ತುವುದು, ಮೊಮ್ಮಗನನ್ನು ಎತ್ತುವುದು, ಬೈಕ್ ಓಡಿಸುವುದು, ಎಲ್ಲ ಬಂದ್. ಕೆಮ್ಮು ಬಂದರೆ ಆ ದಿಂಬನ್ನೇ ಎದೆಗೆ ಒತ್ತಿ ಹಿಡಿದು ಕೆಮ್ಮಬೇಕು. ಮೂರು ಚೆಂಡಿನ ಆಟಿಕೆಯಂಥದ್ದು ಕೊಡುತ್ತಾರಲ್ಲ, ಉಸಿರೆಳೆದು ಚೆಂಡು ಏರಿಸುವುದು, ಅದನ್ನು ಮೂಲೆಗೆ ಎಸೆಯಬೇಡಿ.

ನಮ್ಮ ಮನೆಗಳಲ್ಲಿ ನಿಜವಾದ ತೊಂದರೆ ಕಕ್ಕಸಿನದು. ಕುಕ್ಕರಗಾಲಲ್ಲಿ ಕೂತು, ಗೋಡೆಗೆ ಕೈ ಊರಿ ಏಳುವಾಗ ಇಡೀ ಭಾರ ಎದೆಯ ಹೊಲಿಗೆಗೆ ಬೀಳುತ್ತದೆ. ಡಿಸ್ಚಾರ್ಜಿಗೆ ಮುಂಚೆಯೇ ಒಂದು ಕಮೋಡ್ ಕುರ್ಚಿ ತಂದಿಡಿ. ನಾನು ತರಿಸಿದ್ದು ಮೂರನೇ ದಿನ, ಒಂದು ಸಲ ಅನುಭವಿಸಿದ ಮೇಲೆ.

ಇನ್ನೊಂದು, ಮಾತಾಡಿಸಲು ಬರುವವರು. ಎಳನೀರು, ಬಾಳೆಹಣ್ಣು ಹಿಡಿದು ದಿನಕ್ಕೆ ಇಪ್ಪತ್ತು ಜನ. ಬರಬೇಡಿ ಅನ್ನಲು ನನ್ನ ಬಾಯಿ ಬರುವುದಿಲ್ಲ. ಹೆಂಡತಿ ಪ್ರೆಸ್ಸಿಗೆ ಹೋಗಿ ಒಂದು ಬೋರ್ಡ್ ಪ್ರಿಂಟ್ ಮಾಡಿಸಿ ಬಾಗಿಲಿಗೆ ಹಚ್ಚಿದಳು: "ಸಂಜೆ 5ರಿಂದ 6. ನೆಗಡಿ ಇದ್ದವರು ಫೋನ್ ಮಾಡ್ರಿ."

ದಿನಾ ಬೆಳಿಗ್ಗೆ ತೂಕ ನೋಡಿ. ಎರಡು ಮೂರು ದಿನದಲ್ಲಿ ಒಂದೆರಡು ಕಿಲೋ ಏರಿದರೆ, ಕಾಲು ಬಾತರೆ, ಅದು ನೀರು, ಫೋನ್ ಮಾಡಿ. ಉಪ್ಪಿನಕಾಯಿ, ಹಪ್ಪಳ, ಮಿರ್ಚಿ ಸ್ವಲ್ಪ ದಿನ ದೂರ ಇರಲಿ. ಗಾಯದಲ್ಲಿ ಕೀವು, ಎದೆಯ ಎಲುಬು ಕಟಕಟ ಅನ್ನುವುದು, ಕಪ್ಪು ಮಲ, ಮಾತು ತೊದಲುವುದು, ಒಂದು ಕೈಯಲ್ಲಿ ಶಕ್ತಿ ಇಲ್ಲದಾಗುವುದು, ಇವಕ್ಕೆ ಬೆಳಗಾಗುವವರೆಗೆ ಕಾಯಬೇಡಿ.

ಮೂರನೇ ವಾರ ಕಾರಣವಿಲ್ಲದೆ ಅತ್ತೆ. ಊಟದ ರುಚಿ ಹೋಗಿತ್ತು, ನಿದ್ದೆ ಒಡೆಯುತ್ತಿತ್ತು. ಇದು ಬಹಳ ಜನರಿಗೆ ಆಗುತ್ತದೆ, ತಿಂಗಳೊಪ್ಪತ್ತಿನಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ಡಾಕ್ಟರಿಗೆ ಹೇಳಿ, ನಾಚಿಕೆ ಏನೂ ಇಲ್ಲ. ಗಮನವೂ ಸ್ವಲ್ಪ ದಿನ ಜಾರುತ್ತದೆ. ಏಳನೇ ವಾರ ಪ್ರೆಸ್ಸಿಗೆ ಹೋಗಿ ಒಂದು ಲಗ್ನಪತ್ರಿಕೆಯ ಪ್ರೂಫ್ ನೋಡಿದೆ. ಅಕ್ಷತೆಯ ತಾರೀಖೇ ತಪ್ಪು, ಐನೂರು ಕಾರ್ಡ್ ಹಾಳು. ದುಡ್ಡು ನಾನೇ ಹೊತ್ತೆ. ಮೂರು ತಿಂಗಳು ದೊಡ್ಡ ಲೆಕ್ಕಪತ್ರಕ್ಕೆ ಒಬ್ಬರೇ ಸಹಿ ಹಾಕಬೇಡಿ.

ಸಪ್ಪಳದ ಬಗ್ಗೆ ಎಲ್ಲರೂ ಕೇಳುತ್ತಾರೆ. ಹೌದು, ಮೆಟಲ್ ಕೇಳಿಸುತ್ತದೆ. ಹಗಲು ಮಷಿನ್ನಿನ ಗದ್ದಲದಲ್ಲಿ ಗೊತ್ತೇ ಆಗುವುದಿಲ್ಲ. ರಾತ್ರಿ ಎಡಕ್ಕೆ ಹೊರಳಿದರೆ ಟಕ್ ಟಕ್. ಮೊದಲ ತಿಂಗಳು ನನಗೆ ನಿದ್ದೆ ಇಲ್ಲ. ಹೆಂಡತಿಗೆ ಉಲ್ಟಾ: "ಆ ಸಪ್ಪಳ ಕೇಳಿದ್ರನ ನನಗ ನಿದ್ದಿ ಹತ್ತತದ." ಅವಳು ಕೇಳಿಸಿಕೊಳ್ಳುವುದು ಒಳ್ಳೆಯದೇ. ಸಪ್ಪಳ ಇದ್ದಕ್ಕಿದ್ದಂತೆ ಮಂದವಾದರೆ ವಾಲ್ವಿನಲ್ಲಿ ಹೆಪ್ಪು ಕಟ್ಟಿರಬಹುದು, ಕೂಡಲೇ ಆಸ್ಪತ್ರೆಗೆ ಓಡಬೇಕು.

ವಾಲ್ವಿನ ಜೊತೆ ಒಂದು ಕಾರ್ಡ್ ಬರುತ್ತದೆ. ಕಂಪನಿ, ಸೈಜು, ಸೀರಿಯಲ್ ನಂಬರ್, ಎಲ್ಲ ಇಂಗ್ಲಿಷ್. ಎಂಆರ್‌ಐ ಮಾಡುವವರಿಗೂ ಅದೇ ತೋರಿಸಬೇಕು. ಮುಂಡರಗಿ ರಸ್ತೆಯಲ್ಲಿ ಬಿದ್ದವನ ಕಿಸೆಯಲ್ಲಿ ಅದನ್ನು ಮೊದಲು ಓದುವವರು ಯಾರೋ ಏನೋ. ಅದಕ್ಕೆ ಅದರ ಅಳತೆಯದೇ ಇನ್ನೊಂದು ಕಾರ್ಡ್ ಪ್ರಿಂಟ್ ಮಾಡಿ, ಎರಡನ್ನೂ ಬೆನ್ನಿಗೆ ಬೆನ್ನು ಹಚ್ಚಿ ಲ್ಯಾಮಿನೇಟ್ ಮಾಡಿಸಿದ್ದೇನೆ. ಕೆಂಪು ಅಕ್ಷರ, ದಪ್ಪ ಟೈಪ್: "ನನ್ನ ಹೃದಯದಲ್ಲಿ ಮೆಟಲ್ ವಾಲ್ವ್ ಇದೆ. ರಕ್ತ ತೆಳು ಮಾಡುವ ಗುಳಿಗೆ ತಗೊಳ್ಳುತ್ತೇನೆ. ಡಾಕ್ಟರ್ ಹೇಳದೆ ಅದನ್ನು ನಿಲ್ಲಿಸಬೇಡಿ." ಕೆಳಗೆ ಹೆಂಡತಿಯ ಫೋನ್ ನಂಬರ್. ಕಾಕಾ ನೋಡಿ ತನಗೂ ಒಂದು ಬೇಕು ಅಂದರು. ಅವರದರಲ್ಲಿ ಮಾತ್ರ ಮೆಟಲ್ ಬದಲು ಟಿಶ್ಯೂ ಅಂತಿದೆ, ಗುಳಿಗೆಯ ಸಾಲುಗಳು ಇಲ್ಲ.